ಇಲಿ, ಸ್ಫೆರಾಯ್ಡ್, ಲಿವರ್ ಚಿಪ್: ಫೈಲಿನಲ್ಲಿ ಯಾವುದು ನಿಲ್ಲುತ್ತದೆ?

ಹೊಸ ಔಷಧಿ ಲಿವರ್ ಕೆಡಿಸುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ. ನಮ್ಮ ಬೆಂಗಳೂರಿನ ಲ್ಯಾಬ್‌ನಲ್ಲಿ ಹಳೆಯದೊಂದು ಔಷಧಿ ಜೋಡಿಯನ್ನು ಇಲಿ, ಸ್ಫೆರಾಯ್ಡ್, ಚಿಪ್ ಎಂಬ ಮೂರು ದಾರಿಯಲ್ಲಿ ಪರೀಕ್ಷಿಸಿದೆವು. ಟ್ರೋವಾಫ್ಲಾಕ್ಸಾಸಿನ್, ಲೆವೋಫ್ಲಾಕ್ಸಾಸಿನ್ ಎರಡೂ ಒಂದೇ ಗುಂಪಿನ ಆಂಟಿಬಯಾಟಿಕ್. ಮೊದಲನೆಯದಕ್ಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಒಪ್ಪಿಗೆ ಕೊಟ್ಟಿತು. ಕೆಲವು ರೋಗಿಗಳ ಲಿವರ್ ಕೈಕೊಟ್ಟ ಮೇಲೆ 1999ರಲ್ಲಿ ಕಡಿವಾಣ ಹಾಕಿತು. ಎರಡನೆಯದನ್ನು ಇವತ್ತಿಗೂ ಡಾಕ್ಟರು ಬರೆದುಕೊಡುತ್ತಾರೆ.

ಇಲಿಯ ಕಥೆ ಚಿಕ್ಕದು. ಆರೋಗ್ಯವಂತ ಇಲಿ ಇವೆರಡರ ವ್ಯತ್ಯಾಸ ತೋರಿಸಲೇ ಇಲ್ಲ. ಆದರೆ 28 ದಿನದ ಇಲಿ ಪರೀಕ್ಷೆಗೆ ಒಇಸಿಡಿ ಎಂಬ ಹಲವು ದೇಶಗಳ ಸಂಘಟನೆಯ 407ನೇ ಮಾರ್ಗಸೂಚಿ ಇದೆ, ಲ್ಯಾಬ್ ಕೆಲಸ ಕ್ರಮಬದ್ಧ ಎನ್ನುವ ಜಿಎಲ್‌ಪಿ ಮುದ್ರೆ ಬೀಳುತ್ತದೆ. ಔಷಧಿಗೆ ಒಪ್ಪಿಗೆ ಕೇಳಿ ಸಲ್ಲಿಸುವ ಫೈಲ್ ನೋಡುವವರು ವಿಧಾನದ ಬಗ್ಗೆ ತಕರಾರು ತೆಗೆಯುವುದಿಲ್ಲ. ಕಾಗದ ಗಟ್ಟಿ, ಉತ್ತರ ಸಪ್ಪೆ.

ಸ್ಫೆರಾಯ್ಡ್ ಅಂದರೆ ಮನುಷ್ಯನ ಲಿವರ್ ಕೋಶಗಳ ಪುಟ್ಟ ಉಂಡೆ. ಒಂದೇ ಪ್ಲೇಟ್‌ನಲ್ಲಿ ಹಲವಾರು ಡೋಸ್ ನೋಡಬಹುದು, ಕೆಲಸ ಬೇಗ, ಖರ್ಚು ಕಡಿಮೆ. ವ್ಯತ್ಯಾಸ ಕಂಡಿತು, ಆದರೆ ಮಸುಕಾಗಿ.

ಚಿಪ್ ಮಾತ್ರ ಸ್ಪಷ್ಟವಾಗಿ ಹೇಳಿತು. ಅದು ಸಣ್ಣ ಕಾಲುವೆಗಳಿರುವ ಪುಟ್ಟ ಸಾಧನ: ಒಂದು ಕಾಲುವೆಯಲ್ಲಿ ಲಿವರ್ ಕೋಶ, ತೆಳು ಪೊರೆಯ ಆಚೆ ರಕ್ತನಾಳದ ಕೋಶ ಮತ್ತು ಕುಪ್ಫರ್ ಕೋಶ (ಲಿವರಿನ ರಕ್ಷಣಾ ಕೋಶ), ಮೇಲೆ ಸದಾ ಹರಿಯುವ ದ್ರವ. ಟ್ರೋವಾಫ್ಲಾಕ್ಸಾಸಿನ್ ಹಾಕಿದ ಚಿಪ್‌ಗಳಲ್ಲಿ ಲಿವರ್ ಕೋಶ ತಯಾರಿಸುವ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿಯಿತು, ಅಂದರೆ ಕೋಶಕ್ಕೆ ಪೆಟ್ಟು ಬಿದ್ದಿತ್ತು. ಲೆವೋಫ್ಲಾಕ್ಸಾಸಿನ್ ಚಿಪ್‌ಗಳು ಆರಾಮಾಗಿದ್ದವು.

ಗೋಳು ಶುರುವಾಗುವುದು ಆಮೇಲೆ. ಕಾಲುವೆಯಲ್ಲಿ ಗಾಳಿಗುಳ್ಳೆ ಕೂತರೆ ಆ ಚಿಪ್ ಸತ್ತಂತೆ. ಅದನ್ನು ಲೆಕ್ಕದಿಂದ ಬಿಡಬೇಕೋ, ಸೇರಿಸಬೇಕೋ? ನಾವು ಬಳಸಿದ ಚಿಪ್ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿನದು. ಎಣ್ಣೆಯಲ್ಲಿ ಕರಗುವಂಥ ಔಷಧಿಯನ್ನು ಅದು ಹೀರಿಕೊಳ್ಳುತ್ತದೆ. ಹಾಗಾದರೆ ಕೋಶಕ್ಕೆ ನಿಜವಾಗಿ ತಲುಪಿದ ಡೋಸ್ ಎಷ್ಟು? ಕೋಶ ದಾನಿಯಿಂದ ದಾನಿಗೆ ಬೇರೆ, ಒಬ್ಬರ ಕೋಶ ಮುಗಿದರೆ ಪರೀಕ್ಷೆಯೂ ಅಷ್ಟರಮಟ್ಟಿಗೆ ಬದಲು, ಅಲ್ವಾ? ಇಲಿಗಿರುವಂಥ ಒಇಸಿಡಿ ಮಾರ್ಗಸೂಚಿ ಚಿಪ್‌ಗಿಲ್ಲ.

ಕಾನೂನು ಬಾಗಿಲು ತೆರೆದಿದೆ ನಿಜ. ಪ್ರಾಣಿ ಪರೀಕ್ಷೆ ಕಡ್ಡಾಯ ಎಂಬ ಷರತ್ತನ್ನು ಅಮೆರಿಕ 2022ರ ಡಿಸೆಂಬರ್‌ನಲ್ಲಿ ತೆಗೆಯಿತು. ನಮ್ಮಲ್ಲೂ 2019ರ ಹೊಸ ಔಷಧಿ ನಿಯಮಗಳಿಗೆ 2023ರ ಮಾರ್ಚ್‌ನಲ್ಲಿ ತಿದ್ದುಪಡಿ ಬಂತು, ಚಿಪ್‌ಗೂ ಜಾಗ ಸಿಕ್ಕಿತು. ಆದರೆ ಬಳಸಬಹುದು ಅನ್ನುವುದು ಬೇರೆ, ಇಷ್ಟು ತೋರಿಸಿದರೆ ಒಪ್ಪುತ್ತೇವೆ ಅನ್ನುವುದು ಬೇರೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 870 ಲಿವರ್ ಚಿಪ್‌ಗಳಲ್ಲಿ 27 ಔಷಧಿ ನೋಡಿದ್ದರು. ವಿಷಕಾರಿಗಳಲ್ಲಿ ಶೇ. 87ರಷ್ಟನ್ನು ಹಿಡಿದವು, ಸುರಕ್ಷಿತವಾದದ್ದನ್ನು ಒಂದನ್ನೂ ತಪ್ಪಾಗಿ ದೂರಲಿಲ್ಲ. ಅಂಥ ಚಿಪ್ಪೇ 2024ರಲ್ಲಿ ಎಫ್‌ಡಿಎಯ ಐಸ್ಟ್ಯಾಂಡ್ ಎಂಬ ಪ್ರಾಯೋಗಿಕ ಯೋಜನೆಗೆ ಸೇರಿತು. ಸೇರಿದ್ದು ಅಷ್ಟೇ, ಪಾಸಾದದ್ದಲ್ಲ.

ಹಾಗಾಗಿ ಮೊದಲ ಸುತ್ತಿನ ಸೋಸುವಿಕೆಗೆ ನನ್ನ ಆಯ್ಕೆ ಸ್ಫೆರಾಯ್ಡ್. ಅನುಮಾನ ಉಳಿದ ಔಷಧಿ ಚಿಪ್‌ಗೆ ಹೋಗಲಿ. ಇಡೀ ದೇಹದ ಪ್ರಶ್ನೆಗೆ ಸದ್ಯಕ್ಕೆ ಇಲಿ ಬೇಕೇ ಬೇಕು. ಚಿಪ್‌ಗೆ ನಿಯಮ ಬರೆಯುವವರು ಮೂರನ್ನು ಕಡ್ಡಾಯ ಮಾಡಬೇಕು: ಕೋಶವಿಲ್ಲದ ಖಾಲಿ ಚಿಪ್ ಎಷ್ಟು ಔಷಧಿ ಹೀರಿತು ಎಂಬ ಅಳತೆ, ಪ್ರತಿ ದಾನಿಯ ಕೋಶದ ಮೇಲೂ ಇಂಥದೊಂದು ಗೊತ್ತಿರುವ ಜೋಡಿಯ ಪರೀಕ್ಷೆ, ಕೆಟ್ಟ ಚಿಪ್‌ಗಳ ಪೂರ್ತಿ ಲೆಕ್ಕ. ಕೊನೆಯದನ್ನು ಯಾರೂ ಖುಷಿಯಿಂದ ಕೊಡುವುದಿಲ್ಲ, ನಾವೂ ಸೇರಿ.