ಚೌಕುಳಿ ಸೂಟು ಹೊಲಿಸಲು ಹೊರಟಿದ್ದೀರಾ? ಮುಂಗಡ ಕೊಡುವ ಮುನ್ನ ಓದಿ

ಆರತಕ್ಷತೆಗೆಂದು ಚೌಕುಳಿ ಬಟ್ಟೆಯ ಸೂಟು ಹೊಲಿಸುವ ಯೋಚನೆಯಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ನನ್ನ ತಮ್ಮನ ಸೂಟು ಕೆಟ್ಟ ಕಥೆ ಇದು. ಗೋಡೆಯುದ್ದಕ್ಕೂ ಕನ್ನಡಿ, ಕುಳಿತ ಕೂಡಲೇ ಕಾಫಿ, ಕೊರಳಿಗೆ ಟೇಪು ಹಾಕಿಕೊಂಡ ನಾಲ್ಕಾರು ಹುಡುಗರು, ಯಾವುದಕ್ಕೂ ಕೊರತೆ ಇರಲಿಲ್ಲ. ಅಂಗಡಿಯ ಹೆಸರು ಬರೆಯುವುದಿಲ್ಲ. ಅದೊಂದನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋದರೂ ಇದೇ ಗತಿಯಾಗುವ ಸಾಧ್ಯತೆ ಚೆನ್ನಾಗಿಯೇ ಇದೆ.

ತಮ್ಮ ಆರಿಸಿದ್ದು ಬೂದು ಬಣ್ಣದ ಉಣ್ಣೆ ಬಟ್ಟೆ, ಅದರ ಮೇಲೆ ತೆಳು ನೀಲಿ ಗೆರೆಗಳ ದೊಡ್ಡ ಚೌಕ. ಇದಕ್ಕೆ ಗ್ಲೆನ್ ಚೆಕ್ ಎನ್ನುತ್ತಾರೆ. ಸ್ಕಾಟ್ಲೆಂಡಿನ ಗ್ಲೆನ್ ಅರ್ಕರ್ಟ್ ಕಣಿವೆಯಿಂದ ಬಂದ ಹೆಸರು. ನಮ್ಮ ಅಂಗಡಿಗಳಲ್ಲಿ ‘ಪ್ರಿನ್ಸ್ ಆಫ್ ವೇಲ್ಸ್’ ಎಂದರೂ ತೆಗೆದು ತೋರಿಸುತ್ತಾರೆ. 1936ರಲ್ಲಿ ಪ್ರೀತಿಗಾಗಿ ಸಿಂಹಾಸನ ಬಿಟ್ಟ ಬ್ರಿಟನ್ನಿನ ದೊರೆ ಎಂಟನೆಯ ಎಡ್ವರ್ಡ್ ಇದನ್ನು ತೊಟ್ಟು ಮೆರೆಸಿದವನು. ಯುವರಾಜನಾಗಿದ್ದಾಗ, ಅಂದರೆ ‘ಪ್ರಿನ್ಸ್ ಆಫ್ ವೇಲ್ಸ್’ ಆಗಿದ್ದಾಗ, 1922ರಲ್ಲಿ, ಮೈಸೂರಿಗೂ ಬಂದು ಹೋಗಿದ್ದ. ಮಾರಾಟಗಾರ ರಾಜರ ಕಥೆಯನ್ನು ಸೊಗಸಾಗಿ ಹೇಳಿದ. ಬಟ್ಟೆಯ ಅಂಚಿನಲ್ಲಿದ್ದ ‘ಸೂಪರ್ 120’ ಎಂಬ ಅಕ್ಷರಗಳನ್ನೂ ತೋರಿಸಿದ. ಆ ಸಂಖ್ಯೆ ತಿಳಿಸುವುದು ಉಣ್ಣೆಯ ಎಳೆ ಎಷ್ಟು ನಯ ಎಂಬುದನ್ನಷ್ಟೇ. ಅದನ್ನು ಕತ್ತರಿಸುವವನ ಕೈ ಹೇಗೆ ಎಂಬುದನ್ನು ಯಾವ ಅಂಚಿನಲ್ಲೂ ನೇಯ್ದಿರುವುದಿಲ್ಲ. ಚೌಕುಳಿಗೆ ಬಟ್ಟೆ ಹೆಚ್ಚು ಹಿಡಿಯುತ್ತದೆ ಎಂಬ ಮಾತನ್ನು ಮಾತ್ರ ಅವನು ಎತ್ತಲೇ ಇಲ್ಲ.

58 ಇಂಚು ಅಗಲದ ಪ್ಲೇನ್ ಬಟ್ಟೆಯಾದರೆ, ಸಾಧಾರಣ ಮೈಕಟ್ಟಿನವರಿಗೆ ಕೋಟು ಪ್ಯಾಂಟು ಸೇರಿ ಮೂರು, ಮೂರೂಕಾಲು ಮೀಟರ್ ಸಾಕು. ಚೌಕುಳಿಯಲ್ಲಿ ಪ್ರತಿಯೊಂದು ಭಾಗವನ್ನೂ ಪಕ್ಕದ ಭಾಗದ ಗೆರೆಗೆ ಹೊಂದುವಂತೆ ಮೇಲೆ ಕೆಳಗೆ ಸರಿಸಿ ಕತ್ತರಿಸಬೇಕು. ಹಾಗೆ ಸರಿಸಿದಾಗಲೆಲ್ಲ ನಡುವೆ ಬಟ್ಟೆ ವ್ಯರ್ಥವಾಗುತ್ತದೆ. ಚೌಕ ದೊಡ್ಡದಾದಷ್ಟೂ ವ್ಯರ್ಥ ಹೆಚ್ಚು. ನಮಗೆ ಕೊಟ್ಟದ್ದು ಮೂರು ಮೀಟರ್. ಕಟಿಂಗ್ ಮಾಸ್ಟರ್ ಅಷ್ಟರಲ್ಲೇ ಮುಗಿಸಿದ, ಹೇಗೆ ಮುಗಿಸಿದ ಎಂಬುದು ಆಮೇಲೆ ಕಂಡಿತು. ಬಟ್ಟೆಯನ್ನು ಎರಡು ಪದರ ಮಡಚಿ ಒಟ್ಟಿಗೆ ಕತ್ತರಿಸಿದ್ದರು. ಕೆಳಗಿನ ಪದರ ಕಾಲಿಂಚು ಜಾರಿದರೂ ಪ್ಲೇನ್ ಬಟ್ಟೆಯಲ್ಲಿ ದೇವರಿಗೂ ತಿಳಿಯುವುದಿಲ್ಲ. ಚೌಕುಳಿಯಲ್ಲಿ ಎಡ ಎದೆಗೂ ಬಲ ಎದೆಗೂ ಗೆರೆ ಬೇರೆಬೇರೆ ಎತ್ತರಕ್ಕೆ ಬರುತ್ತದೆ. ತಿಳಿದ ಮಾಸ್ಟರ್ ಎರಡೂ ಪದರದ ಗೆರೆಗಳನ್ನು ಒಂದರ ಮೇಲೊಂದು ಕೂರಿಸಿ ಗುಂಡುಪಿನ್ನು ಚುಚ್ಚಿಕೊಳ್ಳುತ್ತಾನೆ, ಇಲ್ಲವೇ ಒಂದೊಂದೇ ಪದರ ಹಾಸಿ ಕತ್ತರಿಸುತ್ತಾನೆ.

ಇದಕ್ಕಿಂತ ದೊಡ್ಡ ಎಡವಟ್ಟು ಹೆಗಲಿನದು. ತಮ್ಮನ ಬಲ ಹೆಗಲು ಎಡಕ್ಕಿಂತ ಸ್ವಲ್ಪ ಇಳಿದಿದೆ. ಇದು ರೋಗವಲ್ಲ, ಬಹಳ ಜನರಿಗೆ ಹೀಗೇ ಇರುತ್ತದೆ. ಟೇಪು ಹಿಡಿದ ಹುಡುಗ ಎದೆ, ಸೊಂಟ, ತೋಳು ಎಂದು ಅಂಕಿಗಳನ್ನು ಕೂಗಿ ಬರೆಸಿದ. ಎದುರಿಗೆ ನಿಂತು ಆಳನ್ನು ನೋಡಲಿಲ್ಲ. ಇಳಿದ ಹೆಗಲಿಗೆ ಒಳಗೆ ತೆಳು ಪ್ಯಾಡು ಕೊಡಬೇಕು, ಇಲ್ಲವೇ ಆ ಬದಿಯನ್ನೇ ಬೇರೆ ಕತ್ತರಿಸಬೇಕು. ಕೊಡದಿದ್ದರೆ ಕೋಟು ಆ ಕಡೆಗೆ ಕುಸಿಯುತ್ತದೆ. ಪ್ಲೇನ್ ನೀಲಿಯಾಗಿದ್ದರೆ ಕಂಕುಳ ಕೆಳಗೆ ಒಂದು ಸುಕ್ಕು ಬಿದ್ದು ಸುಮ್ಮನಾಗುತ್ತಿತ್ತು. ಇಲ್ಲಿ ಎದೆಯ ಮೇಲಿನ ಅಡ್ಡಗೆರೆಗಳೆಲ್ಲ ಬಲಕ್ಕೆ ವಾಲಿದವು, ಸಡಿಲ ಮೊಳೆಗೆ ತೂಗುಹಾಕಿದ ಕ್ಯಾಲೆಂಡರಿನ ಹಾಗೆ. ಚೌಕುಳಿಯ ಅಪಾಯ ಇರುವುದೇ ಇಲ್ಲಿ. ಗೆರೆ ಹೊಂದಿಸುವುದು ಬೇರೆ, ಮೈಗೆ ಹೊಂದಿಸುವುದು ಬೇರೆ ಎಂದುಕೊಂಡಿರುತ್ತೇವೆ. ಮೈಗೆ ಹೊಂದದ ಕೋಟಿನಲ್ಲಿ ಗೆರೆ ಎಷ್ಟೇ ಕೂರಿಸಿದರೂ ನಿಲ್ಲುವುದಿಲ್ಲ.

ಟ್ರಯಲ್‌ಗೆ ಕರೆದಾಗ ಕೋಟು ಮುಕ್ಕಾಲು ಪಾಲು ಮುಗಿದಿತ್ತು. ಜೇಬು ಕೊರೆದಾಗಿತ್ತು, ಕಾಲರ್ ಕೂರಿಸಿಯಾಗಿತ್ತು, ಲೈನಿಂಗ್ ಕೂಡ ಹಾಕಿಯಾಗಿತ್ತು. ಉಳಿದಿದ್ದು ಗುಂಡಿ ಮಾತ್ರ. ಇಂಥದ್ದನ್ನು ಟ್ರಯಲ್ ಎಂದು ಒಪ್ಪಬೇಡಿ. ನಿಜವಾದ ಟ್ರಯಲ್ ಎಂದರೆ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿ, ಜೇಬು ಕೊರೆಯದೆ, ಬಿಚ್ಚಿ ಮತ್ತೆ ಜೋಡಿಸಬಹುದಾದ ಸ್ಥಿತಿಯಲ್ಲಿ ತೊಡಿಸಿ ನೋಡುವುದು.

ಕೊರಳ ಹಿಂದೆ ಕೋಟಿನ ಕಾಲರ್ ಶರ್ಟಿನ ಕಾಲರಿಗೆ ತಾಗದೆ ಬೆರಳು ತೂರುವಷ್ಟು ದೂರ ನಿಂತಿತ್ತು. ಎಡ ಜೇಬಿನ ಮುಚ್ಚಳದ ನೀಲಿ ಗೆರೆ ಕೋಟಿನ ಗೆರೆಗಿಂತ ಅರ್ಧ ಇಂಚು ಕೆಳಗಿತ್ತು. ಹೇಳಿದರೆ ಮ್ಯಾನೇಜರ್, “ಪ್ರೆಸ್ ಮಾಡಿದರೆ ಎಲ್ಲ ಕೂತುಕೊಳ್ಳುತ್ತದೆ ಸಾರ್” ಎಂದ. ಇಸ್ತ್ರಿಪೆಟ್ಟಿಗೆಗೆ ಗೆರೆ ಅಳಿಸಿ ಬರೆಯುವ ಶಕ್ತಿ ಇದೆಯೆಂದು ನಮಗೆ ತಿಳಿದಿರಲಿಲ್ಲ. ಒತ್ತಾಯ ಮಾಡಿದ್ದಕ್ಕೆ ಬೆನ್ನಿನ ನಡುವಿನ ಹೊಲಿಗೆಯನ್ನು ಒಳಗೆ ಎಳೆದು ಕಾಲರನ್ನು ಹತ್ತಿರ ತಂದರು. ಕಾಲರೇನೋ ಕೂತಿತು. ಆದರೆ ಬೆನ್ನ ನಡುವಿನ ಚೌಕದಲ್ಲಿ ಅರ್ಧಕ್ಕರ್ಧ ಹೊಲಿಗೆಯೊಳಗೆ ಹೋಗಿ, ಎರಡು ನೀಲಿ ಗೆರೆಗಳು ಒಂದಕ್ಕೊಂದು ಅಂಟಿಕೊಂಡವು. ಹಿಂದಿನಿಂದ ನೋಡಿದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಹಾಗೆಂದು ಎಲ್ಲ ಕಡೆ ಗೆರೆ ಸೇರಬೇಕೆಂದು ಹಟ ಹಿಡಿಯುವುದೂ ಸರಿಯಲ್ಲ. ಬೆನ್ನ ನಡುವೆ, ಜೇಬಿನ ಮುಚ್ಚಳ, ಎದೆಯ ಜೇಬಿನ ಪಟ್ಟಿ, ಎದೆಯ ಮೇಲೆ ಮಡಚಿ ಕೂರುವ ಎರಡೂ ಲ್ಯಾಪೆಲ್, ಪಕ್ಕದ ಹೊಲಿಗೆಯ ಕೆಳಭಾಗ, ತೋಳಿನ ಮುಂಭಾಗ ಎದೆಗೆ ಸೇರುವ ಕಡೆ, ಇಷ್ಟನ್ನು ಕೇಳುವ ಹಕ್ಕು ನಿಮಗಿದೆ. ತೋಳಿನ ಹಿಂಬದಿ, ಕಂಕುಳ ಹತ್ತಿರದ ಪಕ್ಕದ ಹೊಲಿಗೆ ಪೂರ್ತಿ ಸೇರಲಾರವು. ಅಲ್ಲಿ ಬಟ್ಟೆ ಬಾಗುತ್ತದೆ, ಎಷ್ಟು ಪಳಗಿದ ಕೈಯಾದರೂ ಅಷ್ಟೆ. ಆಮೇಲೆ ತಿದ್ದುವ ವಿಷಯಕ್ಕೆ ಬಂದರೆ, ಪ್ಯಾಂಟಿನ ಸೊಂಟ ಮತ್ತು ಉದ್ದ, ಕೋಟಿನ ಸೊಂಟ, ಮಣಿಕಟ್ಟಿನ ಕಡೆಯಿಂದ ತೋಳಿನ ಉದ್ದ ಇವನ್ನು ತಿದ್ದಬಹುದು. ಹೆಗಲಿನ ಅಗಲ ತಿದ್ದಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ.

ಅದೇ ಅಂಗಡಿ ಸೂಟಿನ ಜೊತೆಗೆಂದು ಒಂದು ಸಣ್ಣ ಚೌಕುಳಿ ಶರ್ಟನ್ನೂ ಅಷ್ಟೇ ಸಣ್ಣ ಚೌಕುಳಿಯ ಟೈಯನ್ನೂ ಕಟ್ಟಿಕೊಟ್ಟಿತು. ಎರಡೂ ಒಂದೇ ಅಳತೆಯ ಚಿತ್ತಾರವಾದರೆ ಒಂದು ಇನ್ನೊಂದರೊಳಗೆ ಕರಗಿ ಕಣ್ಣಿಗೆ ಗೊಂದಲ. ಇಷ್ಟು ಗೆರೆಗಳ ಕೋಟಿಗೆ ಬಿಳಿ ಅಥವಾ ತಿಳಿನೀಲಿ ಪ್ಲೇನ್ ಶರ್ಟು, ಗೆರೆಯ ನೀಲಿಗೇ ಹೊಂದುವ ಪ್ಲೇನ್ ಟೈ ಸಾಕು. ಆರತಕ್ಷತೆಯ ವಿಡಿಯೋದವರನ್ನೂ ಒಮ್ಮೆ ಕೇಳಿ ನೋಡಿ: ಒತ್ತೊತ್ತಾದ ಸಣ್ಣ ಚೌಕುಳಿ ಕ್ಯಾಮೆರಾದಲ್ಲಿ ನೀರಿನ ಅಲೆಯಂತೆ ಮಿಣಮಿಣ ಕುಣಿಯುತ್ತದೆ.

ಜಗಳವಾಡಿದ ಮೇಲೆ ಹೊಲಿಗೆ ಕೂಲಿಯ ಅರ್ಧ ವಾಪಸು ಬಂತು, ಬಟ್ಟೆಯ ಹಣ ಬರಲಿಲ್ಲ. ಚೀಟಿಯಲ್ಲಿ ‘ಕತ್ತರಿಸಿದ ಬಟ್ಟೆಗೆ ನಾವು ಜವಾಬ್ದಾರರಲ್ಲ’ ಎಂದು ಅಚ್ಚಾಗಿತ್ತು. ಹಾಗೆ ಅಚ್ಚು ಹಾಕಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಹೊಲಿಗೆಯೂ ಸೇವೆಯೇ, 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಆದರೆ ಮದುವೆ ಮನೆಯಲ್ಲಿ ಅದಕ್ಕೆಲ್ಲ ಯಾರಿಗೆ ಪುರುಸೊತ್ತು? ತಮ್ಮ ಹಳೆಯ ಪ್ಲೇನ್ ನೀಲಿ ಕೋಟಿನಲ್ಲೇ ಆರತಕ್ಷತೆ ಮುಗಿಸಿದ. ಅದು ಅವನಿಗೆ ಚೆನ್ನಾಗಿಯೂ ಒಪ್ಪಿತು.

ಮುಂಗಡ ಕೊಡುವಾಗ ಅದೇ ಚೀಟಿಯ ಮೇಲೆ ‘ಚೆಕ್ಸ್ ಮ್ಯಾಚಿಂಗ್’, ‘ಕಚ್ಚಾ ಟ್ರಯಲ್’ ಎಂದು ಬರೆಸಿ, ಟ್ರಯಲ್ ತಾರೀಖು ಹಾಕಿಸಿಕೊಳ್ಳಿ. ಉಳಿದ ಬಟ್ಟೆಯ ತುಂಡುಗಳನ್ನೂ ಕೇಳಿ ಪಡೆಯಿರಿ. ಕೋಟನ್ನು ಆಮೇಲೆ ನಮ್ಮ ಬಡಾವಣೆಯ ಹಳೆಯ ಟೈಲರ್ ಒಬ್ಬರಿಗೆ ತೋರಿಸಿದೆವು. ಅಂಗೈ ಅಗಲದ ತುಂಡು ಇದ್ದಿದ್ದರೂ ಜೇಬಿನ ಮುಚ್ಚಳವನ್ನಾದರೂ ಗೆರೆ ಕೂಡಿಸಿ ಹೊಸದಾಗಿ ಹಾಕಿಕೊಡುತ್ತಿದ್ದೆ ಎಂದರು. ಅಂಗಡಿಯಲ್ಲಿ ಕೇಳಿದ್ದಕ್ಕೆ, ಚೂರೂ ಉಳಿದಿಲ್ಲ ಎಂಬ ಉತ್ತರ ಬಂತು. ಮೂರು ಮೀಟರಿನಲ್ಲಿ ಕತ್ತರಿಸಿದವರ ಆ ಮಾತೊಂದು ನಿಜವೇ ಇರಬೇಕು.