ಬೆಂದ್ರ್‌ತೀರ್ಥ, ಗಣೇಶಪುರಿ, ಮಣಿಕರಣ: ಮೂರೂ ಕಡೆ ಮಿಂದ ಮೇಲೆ

ತೀರ್ಥಹಳ್ಳಿ ಕಡೆಯವರಿಗೆ ಬಿಸಿನೀರ ಸ್ನಾನದ ಸುಖವನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಮಳೆಗಾಲವಿಡೀ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಹಂಡೆ ಕಾಯಿಸುವವರು ನಾವು. ದೀಪಾವಳಿಗೆ ಅದೇ ಹಂಡೆಗೆ ಬಳ್ಳಿ ಸುತ್ತಿ, ನೀರು ತುಂಬುವ ಹಬ್ಬವನ್ನೇ ಮಾಡುತ್ತೇವೆ. ಹೀಗಾಗಿ ಮಂಡಿನೋವಿನ ಅತ್ತೆಯನ್ನು ಕರೆದುಕೊಂಡು ಈ ಮೂರು ಬಿಸಿನೀರಿನ ಬುಗ್ಗೆಗಳಿಗೆ ಹೋದಾಗ ನಾನು ನೀರಿನ ಬಿಸಿಯ ಜೊತೆಗೆ ಆ ಊರಿಗೂ ನೀರಿಗೂ ಇರುವ ನಂಟನ್ನೂ ಗಮನಿಸುತ್ತಾ ಬಂದೆ.

ನಮಗೆ ಹತ್ತಿರದ್ದು ಬೆಂದ್ರ್‌ತೀರ್ಥ. ಆಗುಂಬೆ ಘಾಟಿ ಇಳಿದು, ಕಾರ್ಕಳ ದಾಟಿ, ಪುತ್ತೂರು ತಾಲ್ಲೂಕಿನ ಇರ್ದೆಗೆ ಹೋದರೆ ಹೊಳೆಯ ಬದಿಯಲ್ಲಿ ಕಲ್ಲು ಕಟ್ಟಿದ ಚೌಕ ಕೊಳ ಸಿಗುತ್ತದೆ. ಗಂಧಕದ ಮಂದ ವಾಸನೆ, ಉಗುರುಬೆಚ್ಚಗಿನ ನೀರು. ‘ಇಷ್ಟಕ್ಕೆ ಇಷ್ಟು ದೂರ ಬರಬೇಕಿತ್ತೇನೋ?’ ಎಂದರು ಅತ್ತೆ. ಆದರೆ ಜಪಾನಿನ 1948ರ ಕಾನೂನಿನ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿ ಇದ್ದರೂ ಸಾಕು, ಅದು ಬಿಸಿನೀರಿನ ಬುಗ್ಗೆಯೇ. ಇಲ್ಲಿ ಜ್ವಾಲಾಮುಖಿಯೇನೂ ಇಲ್ಲ. ಬಂಡೆಯ ಬಿರುಕುಗಳಲ್ಲಿ ಇಳಿದ ಮಳೆನೀರು ಕಾಯುವುದು ಭೂಮಿಯ ಒಳಗಿನ ಶಾಖಕ್ಕೆ. ಕಿಲೋಮೀಟರ್ ಆಳಕ್ಕೆ ಸುಮಾರು 25ರಿಂದ 30 ಡಿಗ್ರಿಯಂತೆ ಅದು ಏರುತ್ತದೆ. ಕಾದ ನೀರು ತಣಿಯುವ ಮೊದಲೇ ಮೇಲೆ ಬರಬೇಕು. ಸುತ್ತ ಕೊಳವೆಬಾವಿ ಕೊರೆದರೆ ಆ ದಾರಿಯೇ ತಪ್ಪಬಹುದು.

ಗಣೇಶಪುರಿ ಇರುವುದು ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿ, ತಾನ್ಸಾ ನದಿಯ ಕಣಿವೆಯಲ್ಲಿ. ಕಾಸರಗೋಡು ಬಳಿಯ ಕಾಞಂಗಾಡಿನಲ್ಲಿ ನೆಲೆಸಿದ್ದ ನಿತ್ಯಾನಂದ ಸ್ವಾಮಿಗಳು ಕೊನೆಗೆ ಬಂದು ನಿಂತ ಊರು ಇದು. ನಮ್ಮ ಕಡೆಯ ಭಕ್ತರು ಬರುವುದರಿಂದ ಕರಾವಳಿಯ ಕನ್ನಡವೂ ತುಳುವೂ ಅಲ್ಲಿ ಕಿವಿಗೆ ಬೀಳುತ್ತವೆ. ಒಂದರ ಪಕ್ಕ ಒಂದು ಕುಂಡ, ಒಂದೊಂದಕ್ಕೂ ಒಂದೊಂದು ಹದ. ಅತಿ ಬಿಸಿಯದಕ್ಕೆ ಕಾಲಿಟ್ಟು ಹಿಂದೆಗೆದ ಅತ್ತೆ ಪಕ್ಕದ್ದರ ಮೆಟ್ಟಿಲಲ್ಲಿ ಮಂಡಿವರೆಗೆ ಇಳಿಬಿಟ್ಟು ಕುಳಿತರು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುನ್ನ ಮಿಂದು ಹೋಗುವ ಊರವರು ಅವರಿಗೆ ಜಾಗ ಬಿಟ್ಟುಕೊಟ್ಟರು. ಅಂದು ಸಂಜೆವರೆಗೆ ಅತ್ತೆ ಕೋಲು ಹಿಡಿಯಲಿಲ್ಲ. ಸವೆದ ಮಂಡಿ ಇದರಿಂದ ಮತ್ತೆ ಬೆಳೆಯುವುದಿಲ್ಲ. ಬಿಗಿತ ಸಡಿಲವಾಗುತ್ತದೆ, ಅಷ್ಟೇ. ಆ ಅಷ್ಟಕ್ಕೂ ಬೆಲೆಯಿದೆ. ಬೇಸರ ತರಿಸಿದ್ದು ಕುಂಡದ ಅಂಚಿನಲ್ಲಿ ಬಿದ್ದಿದ್ದ ಶಾಂಪೂ ಪೊಟ್ಟಣಗಳು.

ಹಿಮಾಚಲದ ಮಣಿಕರಣದ ಮಾತೇ ಬೇರೆ. ಕೆಳಗೆ ಹಿಮ ಕರಗಿದ ಪಾರ್ವತಿ ನದಿ ಭೋರ್ಗರೆಯುತ್ತದೆ, ಅದರ ದಡದಲ್ಲೇ ನೀರು ಕುದಿಯುತ್ತದೆ. ಬಟ್ಟೆಯಲ್ಲಿ ಕಟ್ಟಿದ ಅಕ್ಕಿಯ ಗಂಟನ್ನು ದಾರ ಹಿಡಿದು ಇಳಿಬಿಡುತ್ತಾರೆ, ಸ್ವಲ್ಪ ಹೊತ್ತಿಗೆ ಮೇಲೆತ್ತಿದರೆ ಅನ್ನ. ಗುರುದ್ವಾರದ ಲಂಗರಿಗೂ, ಅಂದರೆ ಎಲ್ಲರಿಗೂ ಊಟ ಹಾಕುವ ಅಡುಗೆಮನೆಗೂ, ಇದೇ ಬಿಸಿ. ಪಾರ್ವತಿಯ ಕಿವಿಯ ಮಣಿ ಬಿದ್ದ ಜಾಗವೆಂದು ನಂಬುವವರೂ ಗುರು ನಾನಕರು ಬಂದರೆಂದು ನಂಬುವವರೂ ಒಂದೇ ಬುಗ್ಗೆಯನ್ನು ಹಂಚಿಕೊಂಡಿದ್ದಾರೆ. ಊಟ, ಪೂಜೆ, ಸ್ನಾನ ಮೂರಕ್ಕೂ ಬೇಕಾದ ನೀರನ್ನು ಊರು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದರೆ ಶಿವಮೊಗ್ಗದಿಂದ ದೆಹಲಿ, ಅಲ್ಲಿಂದ ಭುಂತರ್, ಮತ್ತೆ ತಿರುವು ತಿರುವಿನ ಬಸ್ಸು: ವಯಸ್ಸಾದವರಿಗೆ ಹಿಡಿಸುವ ಪ್ರಯಾಣವಲ್ಲ.

ನೋಡಲೇಬೇಕಾದದ್ದು ಮಣಿಕರಣ. ಮಂಡಿನೋವಿನವರನ್ನು ಕರೆದೊಯ್ಯುವುದಾದರೆ ಗಣೇಶಪುರಿಯೇ ಸರಿ. ಆದರೆ ನಮ್ಮ ಸರ್ಕಾರ ಹಣ ಹಾಕುವುದಾದರೆ ಬೆಂದ್ರ್‌ತೀರ್ಥಕ್ಕೆ ಹಾಕಲಿ, ಅದೂ ರೆಸಾರ್ಟಿಗಲ್ಲ. ಹೆಂಗಸರಿಗೆ ಬಟ್ಟೆ ಬದಲಿಸಲು ಒಳ್ಳೆಯ ಕೋಣೆ, ಮೀಯುವ ಮುನ್ನ ಮೈ ತೊಳೆಯಲು ಹೊರಗೆ ನಲ್ಲಿ, ಕೊಳದೊಳಗೆ ಸೋಪಿಗೆ ನಿಷೇಧ, ಸುತ್ತಲಿನ ಹೊಸ ಕೊಳವೆಬಾವಿಗಳಿಗೆ ಕಡಿವಾಣ. ಇಷ್ಟಾದರೆ ಮಲೆನಾಡಿನ ಅಜ್ಜಿಯಂದಿರು ಮುಂಬೈ ಕಡೆಯ ರೈಲು ಹಿಡಿಯಬೇಕಾಗಿಲ್ಲ.

ಎಲ್ಲಿಗೆ ಹೋದರೂ ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ. ಹತ್ತು ಹದಿನೈದು ನಿಮಿಷ ಸಾಕು. ತಲೆ ಮುಳುಗಿಸಬೇಡಿ, ಬೆಚ್ಚಗಿನ ನಿಂತ ನೀರು ಮೂಗಿನೊಳಗೆ ಹೋಗುವುದು ಅಪಾಯ.