ಅಲಿ–ಫೋರ್‌ಮನ್ ಕಾಳಗ: ಹೈಲೈಟ್ಸ್, ಕಾಮೆಂಟರಿ, ಇಲ್ಲಾ ಮ್ಯೂಟ್?

1974ರ ಅಕ್ಟೋಬರ್ 30. ಆಫ್ರಿಕಾದ ಆಗಿನ ಜೈರ್ (ಈಗಿನ ಡೆಮಾಕ್ರಟಿಕ್ ಕಾಂಗೋ) ದೇಶದ ಕಿನ್ಶಾಸಾ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಅಮೆರಿಕದ ಬಾಕ್ಸರ್‌ಗಳಾದ ಮುಹಮ್ಮದ್ ಅಲಿ, ಜಾರ್ಜ್ ಫೋರ್‌ಮನ್ ರಿಂಗಿಗೆ ಇಳಿದರು. ಅಮೆರಿಕದ ಪ್ರೇಕ್ಷಕರಿಗೆ ಅನುಕೂಲವಾಗಲಿ ಎಂದು ಇಟ್ಟ ಹೊತ್ತು ಅದು. ಈ ಕಾಳಗವನ್ನು ನಾನು ಮೂರು ಥರ ನೋಡಿದ್ದೇನೆ. ಮೂರೂ ಸಲ ಬೇರೆ ಬೇರೆ ಕಾಳಗ ನೋಡಿದ ಹಾಗಿತ್ತು.

ಮೊದಲು ಹೈಲೈಟ್ಸ್. ಹತ್ತು ನಿಮಿಷಕ್ಕೆ ಮುಗಿಯುತ್ತದೆ, ರೋಮಾಂಚನವೂ ಆಗುತ್ತದೆ. ಆದರೆ ಅದು ಹೇಳುವ ಕಥೆ ಇಷ್ಟೇ: ಅಲಿ ಹಗ್ಗಕ್ಕೆ ಒರಗಿ ಸುಮ್ನೆ ಹೊಡೆತ ತಿಂದ, ಫೋರ್‌ಮನ್ ಸುಸ್ತಾದ, ಎಂಟನೇ ರೌಂಡಿನಲ್ಲಿ ಬಿದ್ದ. ನಾನೂ ತುಂಬಾ ವರ್ಷ ಹೀಗೇ ನಂಬಿದ್ದೆ.

ಆಮೇಲೆ ಕಾಮೆಂಟರಿ ಸಮೇತ ಪೂರ್ತಿ ನೋಡಿದೆ. ಎಂಟು ರೌಂಡ್, ನಡುವಿನ ಬಿಡುವು ಎಲ್ಲಾ ಸೇರಿ ಅರ್ಧ ಗಂಟೆ ಅಷ್ಟೇ. ಇದರಲ್ಲಿ ಸಿಗುವ ದೊಡ್ಡ ಸಂಪತ್ತು ಜನರ ದನಿ. 'ಅಲಿ ಬೊಮಾಯೆ' ಎಂದು ಇಡೀ ಸ್ಟೇಡಿಯಂ ಕೂಗುತ್ತದೆ. 'ಅಲಿ, ಕೊಲ್ಲು ಅವನನ್ನು' ಎಂದು ಅರ್ಥ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ತೊಂದರೆ ಏನಂದರೆ, ನಮ್ಮ ಕಣ್ಣು ಕಾಮೆಂಟರಿ ಹಿಂದೆ ಹೋಗುತ್ತದೆ. ಫೋರ್‌ಮನ್ ತೋಳು ಬೀಸಿದಾಗಲೆಲ್ಲ ದನಿ ಏರುತ್ತದೆ. ಗುದ್ದು ತಗುಲಿತೋ ಇಲ್ಲವೋ ನೋಡುವ ಮೊದಲೇ ತಗುಲಿತು ಅಂದುಕೊಳ್ಳುತ್ತೇವೆ. ಅಷ್ಟರ ಮಟ್ಟಿಗೆ ಫೋರ್‌ಮನ್ ಭಯ ಎಲ್ಲರಲ್ಲೂ ಇತ್ತು, ಅಲ್ವಾ? ಅಲ್ಲಿಯವರೆಗೆ ಆಡಿದ 40ರಲ್ಲಿ 40 ಗೆಲುವು, ಅದರಲ್ಲಿ 37 ನಾಕೌಟ್. ಅಲಿಯನ್ನು ಸೋಲಿಸಿದ್ದ ಜೋ ಫ್ರೇಜಿಯರ್‌ನನ್ನು ಎರಡೇ ರೌಂಡಿನಲ್ಲಿ ಆರು ಸಲ ಕೆಡವಿದ್ದವನು.

ಮೂರನೇ ಸಲ ದನಿ ಪೂರ್ತಿ ತೆಗೆದುಬಿಟ್ಟೆ. ಕೈಯಲ್ಲಿ ಒಂದು ನೋಟ್‌ಬುಕ್ಕು. ಒಂದೊಂದು ರೌಂಡ್ ಮುಗಿದಾಗಲೂ ನಿಲ್ಲಿಸಿ, ನಿಜವಾಗಿ ತಗುಲಿದ ಗುದ್ದು ಯಾವುವು ಎಂದು ಗೀಟು ಹಾಕುತ್ತಾ ಹೋದೆ.

ಮೊದಲ ರೌಂಡೇ ಬೆರಗು ಹುಟ್ಟಿಸಿತು. ಅಲಿಯ ಹಾಗೆ ಎಡಗೈ ಮುಂದಿಟ್ಟು ನಿಲ್ಲುವ ಬಾಕ್ಸರ್ ಸಾಮಾನ್ಯವಾಗಿ ಎಡಗೈ ಜ್ಯಾಬಿನಿಂದ, ಅಂದರೆ ಚುರುಕಾದ ನೇರ ಗುದ್ದಿನಿಂದ, ದಾರಿ ಮಾಡಿಕೊಂಡು ಬಲಗೈ ಬಿಡುತ್ತಾನೆ. ಬಲಗೈ ಹಿಂದಿರುತ್ತದೆ, ದೂರದಿಂದ ಬರಬೇಕು, ಎದುರಾಳಿಗೆ ಕಂಡುಬಿಡುತ್ತದೆ. ಆದರೆ ಅಲಿ ಮತ್ತೆ ಮತ್ತೆ ಜ್ಯಾಬ್ ಇಲ್ಲದೇ ನೇರ ಬಲಗೈಯನ್ನೇ ಬಿಟ್ಟ. ಅವು ಫೋರ್‌ಮನ್ ಮುಖಕ್ಕೇ ಬಿದ್ದವು. ಎರಡನೇ ರೌಂಡಿನಿಂದ ಹಗ್ಗಕ್ಕೆ ಒರಗಿದ. ಮ್ಯೂಟ್‌ನಲ್ಲಿ ನೋಡಿದಾಗ ಗೊತ್ತಾಯಿತು, ಫೋರ್‌ಮನ್‌ನ ದೊಡ್ಡ ಹೊಡೆತಗಳು ಜಾಸ್ತಿ ಬೀಳುತ್ತಿದ್ದದ್ದು ಅಲಿಯ ತೋಳಿಗೆ, ಮೊಣಕೈಗೆ. ಪಕ್ಕೆಗೂ ಕೆಲವು ಜೋರಾಗಿಯೇ ಬಿದ್ದವು, ಇಲ್ಲ ಅನ್ನುವುದಿಲ್ಲ. ತಲೆಗೆ ಬಂದಾಗ ಅಲಿ ಹಗ್ಗದಾಚೆಗೆ ಬಾಗಿಬಿಡುತ್ತಿದ್ದ.

ನನಗೆ ಅತಿ ಮುಖ್ಯ ಅನ್ನಿಸಿದ್ದು ಅಲಿಯ ಎಡಗೈ. ಇಬ್ಬರೂ ಅಪ್ಪಿಕೊಂಡಾಗ ಅದು ಫೋರ್‌ಮನ್ ಕತ್ತಿನ ಹಿಂದೆ ಹೋಗಿ ತಲೆಯನ್ನು ಕೆಳಕ್ಕೆ ಒತ್ತುತ್ತದೆ. ಪ್ರತಿ ಸಲವೂ ಫೋರ್‌ಮನ್ ಆ ಭಾರವನ್ನು ಕತ್ತಿನಲ್ಲೇ ಎತ್ತಿ ಬರಬೇಕು. ಆ ಸೆಕೆಯಲ್ಲಿ ಇದನ್ನೇ ಹತ್ತಾರು ಸಲ ಮಾಡಿದರೆ ಎಂಥವನಾದರೂ ಬಸವಳಿಯುತ್ತಾನೆ. ಹೈಲೈಟ್ಸ್‌ನಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ಐದನೇ ರೌಂಡಿನಲ್ಲಿ ಫೋರ್‌ಮನ್ ಇದ್ದಬದ್ದದ್ದೆಲ್ಲ ಸುರಿದ. ಕೊನೆಯಲ್ಲಿ ಅಲಿ ಎದ್ದುಬಂದು ಪಟಪಟ ಬಾರಿಸಿದ. ಆರು, ಏಳರಲ್ಲಿ ಫೋರ್‌ಮನ್‌ನದು ಗುದ್ದಲ್ಲ, ಬರೀ ತಳ್ಳಾಟ. ನನ್ನ ನೋಟ್‌ಬುಕ್ಕಿನಲ್ಲಿ ಅಲಿ ಅಷ್ಟರಲ್ಲೇ ಮುಂದಿದ್ದ. ಅಂದು ಅಂಕ ಕೊಟ್ಟವರ ಲೆಕ್ಕದಲ್ಲೂ ಮುಂದಿದ್ದ.

ಹೊಸದಾಗಿ ನೋಡುವವರಿಗೆ ನಾನು ಹೇಳುವುದು: ಮೊದಲು ಮ್ಯೂಟ್ ಮಾಡಿ ಪೂರ್ತಿ ನೋಡಿ, ಆಮೇಲೆ ದನಿ ಹಾಕಿ ಇನ್ನೊಮ್ಮೆ. ಹೈಲೈಟ್ಸ್ ಬಿಟ್ಟರೂ ನಡೆಯುತ್ತದೆ. ಎಂಟನೇ ರೌಂಡಿನ ಕೊನೆಯಲ್ಲಿ ಮಾತ್ರ ನಿಧಾನಿಸಿ. ಅಲಿಯ ಎಡಗೈ ಹುಕ್ (ಪಕ್ಕದಿಂದ ಬಾಗಿ ಬರುವ ಗುದ್ದು) ಫೋರ್‌ಮನ್ ತಲೆ ಎತ್ತುತ್ತದೆ, ಬಲಗೈ ಮುಖಕ್ಕೆ ಬೀಳುತ್ತದೆ. ಅವನು ತಿರುಗುತ್ತಾ ಕುಸಿಯುತ್ತಾನೆ. ಅಲಿ ಇನ್ನೊಂದು ಬಲಗೈ ಎತ್ತಿ ಹಿಡಿದು ಅವನ ಪಕ್ಕದಲ್ಲೇ ಸುತ್ತುತ್ತಾನೆ. ಬೀಳುತ್ತಿರುವವನಿಗೆ ಹೊಡೆಯುವುದಿಲ್ಲ. ಆ ಕೈ ಹಾಗೇ ನಿಂತಿರುತ್ತದೆ.